ನನ್ನ ಫೈಲು ನಾನೇ ನೋಡ್ಬೇಕು ಅಂದ್ರೆ ತಪ್ಪಾ ಅಕ್ಕ?

ಪತ್ರಗಳಿಗೆ ಮೊದಲು, ಹೊಸದಾಗಿ ಓದ್ತಿರೋರಿಗೆ ಒಂದ್ಮಾತು. ನಾನು ಡಾಕ್ಟರಲ್ಲ, ಮೈಸೂರಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೋಳು. 2018ರಲ್ಲಿ ಸ್ತನದ ಕ್ಯಾನ್ಸರ್ ಅಂತ ಗೊತ್ತಾಗೋ ಹೊತ್ತಿಗೇ ಅದು ಬೆನ್ನುಮೂಳೆಗೂ ಸೊಂಟಕ್ಕೂ ಹೋಗಿತ್ತು, ಅಂದ್ರೆ ನಾಲ್ಕನೇ ಸ್ಟೇಜು. ಅವತ್ತಿಂದ ಟ್ರೀಟ್ಮೆಂಟ್ ನಿಂತಿಲ್ಲ, ನಿಲ್ಲೋದೂ ಇಲ್ಲ, ಒಂದು ಮಾತ್ರೆ ಕೆಲಸ ಮಾಡೋದು ಬಿಟ್ರೆ ಇನ್ನೊಂದು ಹೀಗೆ ನಡೀತಿದೆ. ಕೆಳಗೆ ಬರೆದಿರೋದು ನಿಮ್ಮ ಡಾಕ್ಟರ ಮಾತಿಗೆ ಬದಲಿ ಅಲ್ಲ, ಅವರ ಮುಂದೆ ಕೂತಾಗ ಏನು ಕೇಳ್ಬೇಕು ಅಂತ ಗೊತ್ತಿರಲಿ ಅಂತ.

"ಅಕ್ಕ, ನಂಗೆ 54. ತಿಪಟೂರು ಹತ್ರ ಹಳ್ಳಿ, ತೆಂಗಿನ ತೋಟ ಇದೆ. ಮೂರು ವರ್ಷದ ಹಿಂದೆ ಎದೆ ಗಡ್ಡೆ ತೆಗೆಸಿ ಕೀಮೋ, ಕರೆಂಟು ಎಲ್ಲ ಆಯ್ತು, ವಾಸಿ ಆಯ್ತು ಅಂದ್ಕೊಂಡಿದ್ವಿ. ಈಗ ಬೆನ್ನು ನೋವು ಬಂದು ಬೆಂಗಳೂರಲ್ಲಿ ಪೆಟ್ ಸ್ಕ್ಯಾನ್ ಮಾಡ್ಸಿದ್ರು. ಡಾಕ್ಟರ ರೂಮಿಗೆ ಮಗ ಒಬ್ನೇ ಹೋಗ್ತಾನೆ, ನನ್ನ ಹೊರಗೆ ಬೆಂಚಲ್ಲಿ ಕೂರಿಸ್ತಾನೆ. ಏನಂದ್ರು ಅಂದ್ರೆ 'ಮೂಳೆ ಸವೆದಿದೆ, ಇಂಜೆಕ್ಷನ್ ಕೊಡ್ತಾರೆ' ಅಂತಾನೆ. ಫೈಲು ಅವನ ಬ್ಯಾಗಲ್ಲೇ ಇರುತ್ತೆ. ಮೊನ್ನೆ ಸೊಸೆ ಅಡಿಗೆ ಮನೇಲಿ ಅಳ್ತಿದ್ಲು. ನಂಗೆ ಗೊತ್ತಾಗಿದೆ ಅಕ್ಕ. ಆದ್ರೂ ನನ್ನ ಫೈಲು ನಾನೇ ನೋಡ್ಬೇಕು ಅಂದ್ರೆ ತಪ್ಪಾ? ಮಗ ನೊಂದ್ಕೋತಾನೇನೋ."

ತಪ್ಪಲ್ಲ ಕಣಮ್ಮ. ನಿಮ್ಮ ಪತ್ರ ಓದಿ ಒಂದು ದಿನ ಪಕ್ಕಕ್ಕಿಟ್ಟೆ, ಯಾಕಂದ್ರೆ ಆ ಬೆಂಚು ನಂಗೂ ಗೊತ್ತು. ನಮ್ಮಲ್ಲಿ ಎಷ್ಟು ಆಸ್ಪತ್ರೆ ಕಾರಿಡಾರಲ್ಲಿ ಎಷ್ಟು ಜನ ಹೆಣ್ಮಕ್ಕಳು ಹಾಗೆ ಸೆರಗು ಹೊದ್ದು ಕೂತಿರ್ತಾರೆ, ಒಳಗೆ ಅವರ ಮೈ ಬಗ್ಗೆ ಮಾತು ನಡೀತಿರುತ್ತೆ. ಮಗ ಕೆಟ್ಟೋನಲ್ಲ, ಅವನಿಗೆ ನಿಮ್ಮ ಮುಖ ನೋಡ್ಕೊಂಡು ಆ ಮಾತು ಆಡೋ ಧೈರ್ಯ ಇಲ್ಲ ಅಷ್ಟೆ. ಆದ್ರೆ ಈ ಬಚ್ಚಿಡೋದ್ರಿಂದ ಏನಾಗಿದೆ ನೋಡಿ, ನೀವು ಒಬ್ಬರೇ ಹೆದರ್ತಿದ್ದೀರಿ, ಅವನು ಒಬ್ನೇ ಹೆದರ್ತಿದ್ದಾನೆ, ಸೊಸೆ ಅಡಿಗೆ ಮನೇಲಿ ಒಬ್ಬಳೇ ಅಳ್ತಿದ್ದಾಳೆ.

ಮೊದಲು ಮಗನ ಹತ್ರ ಹೇಳಿ, ಡಾಕ್ಟರ ಹತ್ರ ಅಲ್ಲ. ಜಗಳದ ಥರ ಬೇಡ. "ನಂಗೆ ಗೊತ್ತಾಗಿದೆ ಮಗ, ಮತ್ತೆ ಬಂದಿದೆ ಅಲ್ವಾ, ನೀನು ಒಬ್ನೇ ಹೊರಬೇಡ, ಮುಂದಿನ ಸಲ ಇಬ್ರೂ ಒಳಗೆ ಹೋಗೋಣ" ಅಂತ ಇಷ್ಟೇ ಹೇಳಿ ಸುಮ್ನಿರಿ. ಅವನು ಅಳಬಹುದು, ಅಳಲಿ. ನನ್ನ ಮನೇಲಿ ಬಚ್ಚಿಟ್ಟಿದ್ದು ನನ್ನ ಯಜಮಾನ್ರು, ಹನ್ನೊಂದು ದಿನ ಆ ರಿಪೋರ್ಟ್ ಬೀರುವಲ್ಲಿ ಸೀರೆಗಳ ಕೆಳಗೆ ಇಟ್ಟಿದ್ರು, ನಾನು ಹಬ್ಬಕ್ಕೆ ಸೀರೆ ತೆಗೆಯೋವಾಗ ಸಿಕ್ತು. ಆ ರಾತ್ರಿ ಇಬ್ರೂ ಕೂತು ಅದನ್ನ ಒಂದೊಂದೇ ಸಾಲು ಓದಿದ್ವಿ, ಅರ್ಧ ಅರ್ಥ ಆಗ್ಲಿಲ್ಲ, ಆದ್ರೂ ಆ ಹನ್ನೊಂದು ದಿನಕ್ಕಿಂತ ಆ ರಾತ್ರಿ ಹಗುರ ಇತ್ತು.

ಇನ್ನು ಕಾನೂನು. ದೊಡ್ಡೋರಾದ, ಎಚ್ಚರ ಇರೋ, ಬುದ್ಧಿ ಸರಿಯಿರೋ ಮನುಷ್ಯರ ಮೈ ಮೇಲೆ ಏನು ಮಾಡ್ಬೇಕಾದ್ರೂ ಒಪ್ಪಿಗೆ ಅವರದ್ದೇ ಬೇಕು. 2008ರಲ್ಲಿ ಸುಪ್ರೀಂ ಕೋರ್ಟು ಒಂದು ಕೇಸಲ್ಲಿ ಇದನ್ನ ಬಿಡಿಸಿ ಹೇಳಿದೆ. ಪರೀಕ್ಷೆಗೆ ಅಂತ ಬಂದ ಒಬ್ಬ ಹೆಂಗಸಿಗೆ ಅರಿವಳಿಕೆ ಕೊಟ್ಟಿದ್ರು, ಅವರು ಮಲಗಿದ್ದಾಗ್ಲೇ ಹೊರಗಿದ್ದ ಅವರ ತಾಯಿ ಹತ್ರ ಒಪ್ಪಿಗೆ ತಗೊಂಡು ಗರ್ಭಕೋಶ ತೆಗೆದುಬಿಟ್ರು, ಕೋರ್ಟು ತಾಯಿ ಒಪ್ಪಿಗೆ ಸಾಲದು, ಎಚ್ಚರ ಆದ್ಮೇಲೆ ಅವರನ್ನೇ ಕೇಳ್ಬೇಕಿತ್ತು ಅಂತು. ಹೆತ್ತ ತಾಯಿ ಒಪ್ಪಿಗೇನೇ ಸಾಲದು ಅಂದ್ಮೇಲೆ ಮಗನದ್ದು ಹೇಗೆ ಸಾಲುತ್ತೆ ಹೇಳಿ. ಫೈಲಿನ ವಿಷಯಕ್ಕೆ ಬಂದ್ರೆ, ಮೆಡಿಕಲ್ ಕೌನ್ಸಿಲ್ಲಿನ 2002ರ ನಿಯಮಾವಳಿ ಪ್ರಕಾರ ಪೇಷೆಂಟು ದಾಖಲೆ ಕೇಳಿದ್ರೆ 72 ಗಂಟೆ ಒಳಗೆ ಕೊಡ್ಬೇಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ತಯಾರು ಮಾಡಿದ ರೋಗಿಗಳ ಹಕ್ಕುಗಳ ಪಟ್ಟೀಲೂ ಇದಿದೆ, ನಿಮಗೆ ಅರ್ಥ ಆಗೋ ಭಾಷೇಲಿ ಹೇಳಿಸ್ಕೊಳ್ಳೋ ಹಕ್ಕೂ ಇದೆ, ಎರಡನೇ ಡಾಕ್ಟರ ಅಭಿಪ್ರಾಯ ತಗೊಳ್ಳೋ ಹಕ್ಕೂ ಇದೆ. ಇದನ್ನೆಲ್ಲ ಆಸ್ಪತ್ರೇಲಿ ಕೈ ತೋರಿಸಿ ಮಾತಾಡಿ ಅಂತ ಹೇಳ್ತಿಲ್ಲ, ನಾನು ಕೇಳಿದ್ರೆ ಅಧಿಕಪ್ರಸಂಗ ಆಗುತ್ತೇನೋ ಅನ್ನೋ ಅಳುಕು ನಿಮಗೆ ಬೇಡ ಅಂತ ಹೇಳ್ತಿದ್ದೀನಿ. ಡಾಕ್ಟರಿಗೆ ಕನ್ನಡ ಬರದೇ ಇದ್ರೆ, ಬೆಂಗಳೂರಲ್ಲಿ ಈಗ ಅದು ತುಂಬಾ ಆಗ್ತಿದೆ, ಕನ್ನಡ ಬರೋ ಸಿಸ್ಟರನ್ನ ಜೊತೆಗೆ ಕರೆಸಿ ಅಂತ ಕೇಳಿ, ಮಗ ತರ್ಜುಮೆ ಮಾಡಿದ್ರೆ ಅವನು ಕಹಿ ಇರೋದನ್ನ ಬಿಟ್ಟೇ ಹೇಳ್ತಾನೆ.

ಒಳಗೆ ಹೋದಾಗ ಸಿಗೋದು ಐದು ನಿಮಿಷ. ಅದಕ್ಕೇ ಮನೇಲೇ ಚೀಟೀಲಿ ಬರ್ಕೊಂಡು ಹೋಗಿ, ಮುಖ್ಯವಾದ ಪ್ರಶ್ನೆ ಮೇಲೆ. ನಾನು ಯಾವಾಗ್ಲೂ ಮೊದಲು ಕೇಳೋದು "ಈ ಟ್ರೀಟ್ಮೆಂಟ್ ಯಾತಕ್ಕೆ, ವಾಸಿ ಮಾಡೋಕಾ, ಹಿಡಿದಿಡೋಕಾ, ನೋವು ಕಮ್ಮಿ ಮಾಡೋಕಾ" ಅಂತ. ಈ ಒಂದು ಪ್ರಶ್ನೆಗೆ ನೇರ ಉತ್ತರ ಸಿಕ್ರೆ ಮುಂದಿನದ್ದೆಲ್ಲ ತಾನಾಗಿ ಅರ್ಥ ಆಗುತ್ತೆ, ಎಷ್ಟು ಖರ್ಚು ಮಾಡ್ಬೇಕು, ತೋಟದ ಮೇಲೆ ಸಾಲ ತರ್ಬೇಕಾ ಬೇಡ್ವಾ ಅನ್ನೋದೂ. ನಿಮ್ಮ ಕಾಯಿಲೆಗೆ ಇನ್ನೊಂದು ಪ್ರಶ್ನೆ ಇದೆ. ಮೊದಲ ಸಲ ತೆಗೆದ ಗಡ್ಡೆ ರಿಪೋರ್ಟಲ್ಲಿ ಈಆರ್, ಪಿಆರ್, ಹರ್‌ಟೂ ಅಂತ ಮೂರು ಬರೆದಿರ್ತಾರೆ, ಯಾವ ಔಷಧಿ ಹಿಡಿಯುತ್ತೆ ಅಂತ ತಿಳಿಸೋ ಗಡ್ಡೆಯ ಗುರುತುಗಳು ಅವು, ಕಾಯಿಲೆ ಬೇರೆ ಕಡೆ ಹೋದ್ಮೇಲೆ ಕೆಲವರಲ್ಲಿ ಇವು ಬದಲಾಗಿರುತ್ತೆ, ಹಾಗಾಗಿ "ಈಗಿರೋ ಜಾಗದಿಂದ ಇನ್ನೊಂದು ಬಯಾಪ್ಸಿ ತೆಗೆದು ನೋಡೋದು ಆಗುತ್ತಾ" ಅಂತ ಕೇಳಿ. ಮೂಳೆಯಿಂದ ತೆಗೆಯೋದು ಎಲ್ಲರಿಗೂ ಸುಲಭ ಅಲ್ಲ, ಆಗಲ್ಲ ಅಂದ್ರೆ ಯಾಕೆ ಅಂತ ಕೇಳಿ.

ನನ್ನದೇ ಹೇಳ್ತೀನಿ. ಮೊದಲ ರಿಪೋರ್ಟಲ್ಲಿ ಹರ್‌ಟೂ ಮುಂದೆ 2+ ಅಂತಿತ್ತು. ಅವತ್ತು ನೋಡಿದ ಆಸ್ಪತ್ರೇಲಿ ಯಾರೂ ಅದರ ಬಗ್ಗೆ ಮಾತೇ ಎತ್ತಲಿಲ್ಲ, ಚೀಟಿ ಬರೆದು ಕಳಿಸಿದ್ರು. ಬ್ಯಾಂಕಲ್ಲಿ ಲೆಡ್ಜರ್ ನೋಡಿ ನೋಡಿ ಅಭ್ಯಾಸ ಇದ್ದ ನಂಗೆ ಒಂದು ಕಾಲಮ್ಮಲ್ಲಿ ಪ್ಲಸ್ಸೂ ಅಲ್ಲದ ಮೈನಸ್ಸೂ ಅಲ್ಲದ ಅಂಕಿ ಕಂಡು ಕಾಡ್ತು. ವಾಪಸ್ ಹೋಗಿ ಜೂನಿಯರ್ ಡಾಕ್ಟರೊಬ್ಬರನ್ನ "2+ ಅಂದ್ರೆ ಇದೆಯಾ ಇಲ್ವಾ" ಅಂತ ಕೇಳ್ದೆ. ಅವರು ಫೈಲು ತಿರುಗಿಸಿ ನೋಡಿ, ಇದು ಎರಡೂ ಅಲ್ಲ, ಫಿಶ್ ಅಂತ ಇನ್ನೊಂದು ಟೆಸ್ಟ್ ಕಳಿಸ್ಲೇಬೇಕಿತ್ತು ಅಂದ್ರು. ಕಳಿಸಿದ್ವಿ, ನೆಗೆಟಿವ್ ಬಂತು, ಟ್ರೀಟ್ಮೆಂಟ್ ಬದಲಾಗ್ಲಿಲ್ಲ. ಆದ್ರೆ ಪಾಸಿಟಿವ್ ಬಂದಿದ್ರೆ ನನ್ನ ಔಷಧಿಯೇ ಬೇರೆ ಆಗ್ತಿತ್ತು. ಆ ಔಷಧಿಯ ದೇಸಿ ಬಯೋಸಿಮಿಲರ್, ಅಂದ್ರೆ ಅದರಂತೇ ಕೆಲಸ ಮಾಡೋ ಇನ್ನೊಂದು ಕಂಪನಿಯದ್ದು, ನಮ್ಮ ಬೆಂಗಳೂರಿನ ಬಯೋಕಾನ್‌ನವರು 2014ರಲ್ಲೇ ಮಾರ್ಕೆಟ್ಟಿಗೆ ತಂದಿದ್ರು, ಅಂದ್ರೆ ಔಷಧಿ ಊರಲ್ಲೇ ಇದ್ದೂ ಒಂದು ಟೆಸ್ಟ್ ಮರೆತಿದ್ದಕ್ಕೆ ತಪ್ಪಿಹೋಗಬಹುದಿತ್ತು. ಅವತ್ತಿಂದ ನನ್ನ ಪ್ರತಿ ರಿಪೋರ್ಟಿನ ಒಂದು ಜೆರಾಕ್ಸ್ ಮನೇಲಿರುತ್ತೆ, ಒಂದು ಫೋಟೋ ಫೋನಲ್ಲಿರುತ್ತೆ.

ಮೂಳೆ ಇಂಜೆಕ್ಷನ್ ಶುರು ಮಾಡೋಕೆ ಮುಂಚೆ ಒಂದು ಸಲ ಹಲ್ಲಿನ ಡಾಕ್ಟರಿಗೆ ತೋರಿಸಿ, ಹುಳುಕು ಹಲ್ಲಿದ್ರೆ ಮೊದಲೇ ತೆಗೆಸಿ. ಇಂಜೆಕ್ಷನ್ ನಡೀತಿರೋವಾಗ ಹಲ್ಲು ಕೀಳಿಸಿದ್ರೆ ಅಪರೂಪಕ್ಕೆ ದವಡೆ ಮೂಳೆ ಮಾಯದೆ ಕೊಳೆಯೋ ತೊಂದ್ರೆ ಆಗುತ್ತೆ. ಇನ್ನೊಂದು, ಇದನ್ನ ಮನೆಯವರಿಗೂ ಓದಿ ಹೇಳಿ, ಬೆನ್ನು ನೋವಿನ ಜೊತೆ ಕಾಲಲ್ಲಿ ಶಕ್ತಿ ಹೋದ ಹಾಗಾದ್ರೆ, ಮರಗಟ್ಟಿದ್ರೆ, ಮೂತ್ರ ಮಲದ ಹಿಡಿತ ತಪ್ಪಿದ್ರೆ, ಮುಂದಿನ ಅಪಾಯಿಂಟ್ಮೆಂಟಿಗೆ ಕಾಯ್ಬೇಡಿ, ಅದೇ ದಿನ ಆಸ್ಪತ್ರೆಗೆ ಹೊರಡಿ. ಬೆನ್ನುಹುರಿ ಒತ್ತಿ ಹಿಡಿದಿರಬಹುದು, ಬೇಗ ಸಿಕ್ರೆ ಕಾಲು ಉಳಿಯುತ್ತೆ, ಕಾಲು ಪೂರ್ತಿ ಬಿದ್ದುಹೋದ್ಮೇಲೆ ಹೋದ್ರೆ ವಾಪಸ್ ಬರೋದು ಕಷ್ಟ.

ತಿಪಟೂರಿಂದ ಟ್ರೇನಲ್ಲೇ ಓಡಾಡ್ತೀರಿ ಅಂದ್ಕೋತೀನಿ. ಚಿಕಿತ್ಸೆಗೆ ಹೋಗೋ ಕ್ಯಾನ್ಸರ್ ಪೇಷೆಂಟಿಗೆ ರೈಲ್ವೇಲಿ ರಿಯಾಯಿತಿ ಇದೆ, ಸೆಕೆಂಡ್ ಕ್ಲಾಸಲ್ಲಿ 75 ಪರ್ಸೆಂಟ್, ಸ್ಲೀಪರಲ್ಲಿ ಪೂರ್ತಿ, ಜೊತೆಗೆ ಬರೋ ಒಬ್ಬರಿಗೂ 75 ಪರ್ಸೆಂಟ್. ಆಸ್ಪತ್ರೇಲಿ ಅದರ ಫಾರಂ ಕೇಳಿ ತಗೊಳ್ಳಿ.

"ಮೇಡಂ, ನಮ್ಮಪ್ಪಂಗೆ 63, ಚನ್ನರಾಯಪಟ್ಟಣ. ಜೀವಮಾನದಲ್ಲಿ ಬೀಡಿ ಮುಟ್ಟಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿ, ತೆಗೆದು ಟೆಸ್ಟ್ ಮಾಡಿದ್ರೆ ಅಡಿನೊಕಾರ್ಸಿನೋಮ, ಸ್ಟೇಜ್ ನಾಲ್ಕು ಅಂದ್ರು. ಒಂದು ಕೀಮೋ ಆಗಿದೆ. ಅಮೆರಿಕದಲ್ಲಿರೋ ಅಣ್ಣ ಮ್ಯುಟೇಷನ್ ಟೆಸ್ಟ್ ಆಯ್ತಾ ಕೇಳು ಅಂತಾನೆ, ಕೇಳಿದ್ರೆ ಡಾಕ್ಟರು ಆಮೇಲೆ ನೋಡೋಣ ಅಂದ್ರು. ಮತ್ತೆ ಕೇಳಿದ್ರೆ ಕೋಪ ಮಾಡ್ಕೋತಾರೇನೋ. ನಮ್ಮದು ಬಿಪಿಎಲ್ ಕಾರ್ಡು."

ಮತ್ತೆ ಕೇಳಮ್ಮ. ಕೋಪ ಮಾಡ್ಕೊಂಡ್ರೂ ಪರವಾಗಿಲ್ಲ ಅನ್ನೋವಷ್ಟು ಮುಖ್ಯವಾದ ಪ್ರಶ್ನೆ ಇದು. ನಮ್ಮ ದೇಶದಲ್ಲಿ ಈ ಥರದ ಶ್ವಾಸಕೋಶದ ಕ್ಯಾನ್ಸರ್ ಬಂದೋರಲ್ಲಿ ಹೆಚ್ಚುಕಮ್ಮಿ ನಾಲ್ಕರಲ್ಲಿ ಒಬ್ಬರಿಗೆ ಇಜಿಎಫ್ಆರ್ ಅನ್ನೋ ಜೀನಲ್ಲಿ ಬದಲಾವಣೆ ಇರುತ್ತೆ, ಸಿಗರೇಟು ಬೀಡಿ ಸೇದದವರಲ್ಲಿ ಇನ್ನೂ ಹೆಚ್ಚು. ಅದಿದ್ರೆ ಆ ಬದಲಾವಣೆಗೇ ಗುರಿಯಿಟ್ಟ ಮಾತ್ರೆಗಳಿವೆ, ಮನೇಲೇ ನುಂಗೋದು. ಎಎಲ್‌ಕೆ, ಆರ್‌ಒಎಸ್1 ಅಂತ ಇನ್ನೆರಡು ಇವೆ, ಕಮ್ಮಿ ಜನಕ್ಕೆ ಇರುತ್ತೆ, ಅದಕ್ಕೂ ಮಾತ್ರೆ ಇದೆ. ಟೆಸ್ಟ್ ಮಾಡೋದು ತೆಗೆದಿಟ್ಟಿರೋ ಸ್ಯಾಂಪಲ್ಲಿಂದ, ಅದನ್ನ ಮೇಣದಲ್ಲಿ ಹಾಕಿ ಇಟ್ಟಿರ್ತಾರೆ, ಲ್ಯಾಬಲ್ಲಿ ಅದನ್ನ ಬ್ಲಾಕ್ ಅಂತಾರೆ. "ಅಪ್ಪನ ಬ್ಲಾಕ್ ಇದೆಯಾ, ಅದರಲ್ಲಿ ಟೆಸ್ಟಿಗೆ ಸಾಕಾಗುವಷ್ಟು ಇದೆಯಾ" ಅಂತ ಕೇಳು. ಸಾಲಲ್ಲ ಅಂದ್ರೆ ರಕ್ತದಿಂದಲೂ ನೋಡೋಕೆ ಬರುತ್ತೆ. ಕೀಮೋ ಶುರುವಾಗಿದೆ ಅಂತ ಟೆಸ್ಟ್ ಬಿಡ್ಬೇಕಾಗಿಲ್ಲ. ಮುಂಬೈನ ಟಾಟಾ ಮೆಮೋರಿಯಲ್ಲಿನವರು ಇಜಿಎಫ್ಆರ್ ಇದ್ದ 350 ಜನರ ಮೇಲೆ ನೋಡಿ 2020ರಲ್ಲಿ ಪ್ರಕಟ ಮಾಡಿದ್ರು, ಅದಕ್ಕೇ ಗುರಿಯಿಟ್ಟ ಜೆಫಿಟಿನಿಬ್ ಮಾತ್ರೆ ಒಂದೇ ತಗೊಂಡವರಲ್ಲಿ ಕಾಯಿಲೆ ಬೆಳೀದೆ ನಿಂತಿದ್ದು 8 ತಿಂಗಳು, ಮಾತ್ರೆ ಜೊತೆ ಕೀಮೋನೂ ಕೊಟ್ಟವರಲ್ಲಿ 16 ತಿಂಗಳು. ಅಡ್ಡ ಪರಿಣಾಮ ಮಾತ್ರ ಎರಡನೇ ಗುಂಪಲ್ಲಿ ಹೆಚ್ಚಿತ್ತು. ಅಪ್ಪನ ಮೈ ತಡ್ಕೊಳ್ಳುತ್ತಾ ಅಂತ ಡಾಕ್ಟರೇ ಹೇಳ್ಬೇಕು.

ಟೆಸ್ಟ್ ರಿಸಲ್ಟ್ ಬರೋ ತನಕ ಯಾರಾದ್ರೂ ಲಕ್ಷಗಟ್ಟಲೆ ಖರ್ಚಿನ ಇಮ್ಯುನೊಥೆರಪಿ (ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸೋ ಔಷಧಿ) ಶುರು ಮಾಡೋಣ ಅಂದ್ರೆ ನಿಲ್ಲಿಸಿ ಕೇಳು, ಇಜಿಎಫ್ಆರ್ ಇರೋರಲ್ಲಿ ಅದು ಅಷ್ಟಾಗಿ ಕೆಲಸ ಮಾಡಲ್ಲ, ಅದರ ಹಿಂದೇನೇ ಕೆಲವು ಮಾತ್ರೆ ಕೊಟ್ರೆ ಶ್ವಾಸಕೋಶಕ್ಕೆ ಉರಿಯೂತ ಬರೋ ಅಪಾಯ ಜಾಸ್ತಿ.

ದುಡ್ಡಿನ ವಿಷಯ. ಬಿಪಿಎಲ್ ಕಾರ್ಡ್ ಇರೋರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆದ್ರೆ ಎಲ್ಲಾ ಔಷಧಿ ಎಲ್ಲಾ ಟೆಸ್ಟು ಅದರಲ್ಲಿ ಬರಲ್ಲ, ಪ್ಯಾಕೇಜಲ್ಲಿ ಏನಿದೆಯೋ ಅಷ್ಟೇ. ಆಸ್ಪತ್ರೇಲಿ ಆರೋಗ್ಯ ಮಿತ್ರ ಅಂತ ಕೂತಿರ್ತಾರೆ, ಔಷಧಿ ಹೆಸರು ಬರ್ಕೊಂಡು ಹೋಗಿ ಇದು ಬರುತ್ತಾ ಇಲ್ವಾ ಅಂತ ಮೊದಲೇ ಕೇಳು, ಬಿಲ್ಲಾದ್ಮೇಲೆ ಕೇಳಿದ್ರೆ ಏನೂ ಆಗಲ್ಲ. ಜೆಫಿಟಿನಿಬ್‌ಗೆ ನಮ್ಮ ದೇಶದ ಕಂಪನಿಗಳದ್ದೇ ತುಂಬಾ ಬ್ರ್ಯಾಂಡ್ ಇದೆ, ಕೈಗೆಟಕುತ್ತೆ. ಅದೇ ಮ್ಯುಟೇಷನ್ನಿಗೆ ಕೊಡೋ ಹೊಸ ಮಾತ್ರೆ ಒಸಿಮರ್ಟಿನಿಬ್ ದುಬಾರಿ, ಅದೂ ಸೇರಿ ಮೂರು ಕ್ಯಾನ್ಸರ್ ಔಷಧಿಗೆ 2024ರ ಜುಲೈ ಬಜೆಟ್ಟಲ್ಲಿ ಆಮದು ಸುಂಕ ತೆಗೆದ್ರು, ಆದ್ರೂ ಸಾಮಾನ್ಯರ ಕೈಗೆ ಭಾರವೇ. ಇನ್ನೊಂದು ಗೊತ್ತಿರಲಿ, ಒಂದೇ ಔಷಧಿಯ ಬೇರೆ ಬೇರೆ ಬ್ರ್ಯಾಂಡಿಗೆ ಬೆಲೆ ವ್ಯತ್ಯಾಸ ಎಷ್ಟಿರುತ್ತೆ ಅಂದ್ರೆ ನಂಬೋಕಾಗಲ್ಲ, 2019ರಲ್ಲಿ ಸರ್ಕಾರ 42 ಕ್ಯಾನ್ಸರ್ ಔಷಧಿಗಳ ಮೇಲೆ ವ್ಯಾಪಾರದ ಲಾಭ 30 ಪರ್ಸೆಂಟ್ ಮೀರಬಾರದು ಅಂತ ಕಟ್ಟೂ ಹಾಕಿತ್ತು. ನಾನು ತಗೊಳ್ತಿದ್ದ ಸ್ತನದ ಕ್ಯಾನ್ಸರ್ ಮಾತ್ರೆ ಪಾಲ್ಬೊಸಿಕ್ಲಿಬ್‌ಗೆ 2023ರ ಜನವರೀಲಿ ಪೇಟೆಂಟ್ ಮುಗೀತು, ದೇಸಿ ಕಂಪನಿಗಳು ತಯಾರು ಮಾಡೋಕೆ ಶುರು ಮಾಡಿದ್ವು, ಆ ತಿಂಗಳ ಬಿಲ್ಲು ನೋಡಿ ಎರಡು ಸಲ ಓದಿದೆ, ಅಂಗಡಿಯವರು ತಪ್ಪು ಹಾಕಿದ್ದಾರೇನೋ ಅಂತ. "ಇದಕ್ಕೆ ಕಮ್ಮಿ ರೇಟಿನ ಬ್ರ್ಯಾಂಡ್ ಬರೆದುಕೊಡಿ ಸರ್" ಅಂತ ಕೇಳೋಕೆ ನಾಚ್ಕೋಬೇಡ. ಎಷ್ಟೋ ಡಾಕ್ಟರು ಕೇಳಿದ್ರೆ ಖಂಡಿತ ಬರೆದುಕೊಡ್ತಾರೆ, ಕೇಳೋ ತನಕ ಅವರಿಗೆ ನಿಮ್ಮ ಕಷ್ಟ ಗೊತ್ತಿರಲ್ಲ.

ಇಷ್ಟಾದ್ರೂ ಆಮೇಲೆ ನೋಡೋಣ ಅಂದ್ರೆ ಬ್ಲಾಕು, ಸ್ಲೈಡು, ಸ್ಕ್ಯಾನ್ ಸಿಡಿ ತಗೊಂಡು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಬೇರೆ ದೊಡ್ಡ ಆಸ್ಪತ್ರೆಗೋ ಎರಡನೇ ಅಭಿಪ್ರಾಯಕ್ಕೆ ಹೋಗಿ. ಅದು ಮೊದಲನೇ ಡಾಕ್ಟರಿಗೆ ಮಾಡೋ ದ್ರೋಹ ಅಲ್ಲ.

"ಮೇಡಂ ನಮಸ್ಕಾರ್ರೀ. ಹುಬ್ಬಳ್ಳಿಯಿಂದ ಬರೀತೀನಿ, ನನಗ 61. ಹೊಟ್ಟಿ ಕ್ಯಾನ್ಸರ್, ಲಿವರಿಗೂ ಹೋಗೇತಿ. ಕೀಮೋ ನಡದೈತಿ. ಹೋದ ವಾರ ಡಾಕ್ಟರು ಪ್ಯಾಲಿಯೇಟಿವ್ ಡಾಕ್ಟರನ್ನೂ ನೋಡ್ರಿ ಅಂತ ಬರದುಕೊಟ್ರು. ಅಂದ್ರ ನನ್ನ ಕೈ ಬಿಟ್ರು ಅಂತ ತಿಳ್ಕೋಬೇಕೇನ್ರೀ? ರಾತ್ರಿ ನೋವು ತಡ್ಕೊಳ್ಳಾಕ ಆಗಂಗಿಲ್ಲ. ಮಾರ್ಫಿನ್ ಅಂದ್ರ ಮನಿಯಾಗ ಹೆದರತಾರ, ಚಟ ಹತ್ತತೈತಿ ಅಂತಾರ."

ಕೈ ಬಿಟ್ಟಿಲ್ಲ ಅಣ್ಣಾರೇ. ಪ್ಯಾಲಿಯೇಟಿವ್ ಅಂದ್ರೆ ಕಾಯಿಲೆ ಜೊತೆ ಬದುಕ್ತಿರೋ ಮನುಷ್ಯನ ನೋವು, ವಾಂತಿ, ಉಸಿರಾಟ, ನಿದ್ದೆ, ಮನಸ್ಸಿನ ಭಾರ ಇದನ್ನೆಲ್ಲ ನೋಡ್ಕೊಳ್ಳೋ ವೈದ್ಯ. ಕೀಮೋ ಡಾಕ್ಟರು ಗಡ್ಡೆ ನೋಡ್ತಾರೆ, ಇವರು ನಿಮ್ಮನ್ನ ನೋಡ್ತಾರೆ, ಎರಡೂ ಒಟ್ಟಿಗೆ ನಡೀಬಹುದು. ಅಮೆರಿಕದ ಬಾಸ್ಟನ್‌ನಲ್ಲಿ ಒಂದು ದೊಡ್ಡ ಆಸ್ಪತ್ರೇಲಿ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾಮೂಲಿ ಟ್ರೀಟ್ಮೆಂಟ್ ಜೊತೆಗೇ ಶುರುವಿಂದ ಪ್ಯಾಲಿಯೇಟಿವ್ ಆರೈಕೆ ಕೊಟ್ರು. 2010ರಲ್ಲಿ ರಿಸಲ್ಟ್ ಬಂತು. ಆ ಗುಂಪಿನವರ ಮನಸ್ಸೂ ಮೈಯೂ ಚೆನ್ನಾಗಿತ್ತು, ಕೊನೇಲಿ ಸುಸ್ತುಮಾಡೋ ಟ್ರೀಟ್ಮೆಂಟ್ ಕಮ್ಮಿ ಜನ ತಗೊಂಡ್ರು, ಆದ್ರೂ ಬದುಕಿದ ಕಾಲ ಮೀಡಿಯನ್ ಲೆಕ್ಕದಲ್ಲಿ (ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದ ಲೆಕ್ಕ) 11.6 ತಿಂಗಳು, ಇನ್ನೊಂದು ಗುಂಪಿನವರದ್ದು 8.9. ಅದು ಬೇರೆ ಕ್ಯಾನ್ಸರ್, ಬೇರೆ ದೇಶ, ನಿಮಗೆ ಅದೇ ಅಂಕಿ ಬರುತ್ತೆ ಅಂತ ನಾನು ಹೇಳಲ್ಲ. ಆದ್ರೆ ಕೈ ಬಿಟ್ಟೋರ ಲೆಕ್ಕ ಹೀಗಿರಲ್ಲ ಅಲ್ವಾ.

ಮಾರ್ಫಿನ್ ಬಗ್ಗೆ ಮನೆಯವರಿಗೆ ನೇರವಾಗಿ ಹೇಳ್ತೀನಿ, ಈ ಭಾಗ ಅವರೇ ಓದಲಿ. ಕ್ಯಾನ್ಸರ್ ನೋವಿಗೆ ಡಾಕ್ಟರು ಲೆಕ್ಕ ಹಾಕಿ ಬಾಯಿಗೆ ಕೊಡೋ ಮಾರ್ಫಿನ್ನಿಂದ ಚಟ ಹತ್ತೋದು ಅಪರೂಪ. ಮೊದಲ ಕೆಲವು ದಿನ ಮಂಪರು, ವಾಕರಿಕೆ ಬರಬಹುದು, ತಾನಾಗಿ ಹೋಗುತ್ತೆ. ಹೋಗದೇ ಇರೋದು ಮಲಬದ್ಧತೆ, ಅದಕ್ಕೇ ಮಾರ್ಫಿನ್ ಶುರು ಮಾಡಿದ ದಿನವೇ ಹೊಟ್ಟೆ ಸಡಿಲ ಮಾಡೋ ಔಷಧೀನೂ ಬರೆಸ್ಕೊಳ್ಳಿ, ಬರೆದಿಲ್ಲ ಅಂದ್ರೆ ಕೇಳಿ. ಮಾರ್ಫಿನ್ನಿನ ಮಾಮೂಲಿ ಮಾತ್ರೆ ಸುಮಾರು ನಾಲ್ಕು ಗಂಟೆ ಕೆಲಸ ಮಾಡುತ್ತೆ, ಹಾಗಾಗಿ ನೋವು ಬರೋ ತನಕ ಕಾಯೋದಲ್ಲ, ಗಡಿಯಾರ ನೋಡ್ಕೊಂಡು ತಗೊಳ್ಳೋದು. ನೀವಾಗಿ ಥಟ್ಟಂತ ನಿಲ್ಲಿಸಬೇಡಿ, ನೀವಾಗಿ ಜಾಸ್ತಿ ಮಾಡ್ಕೊಳ್ಳಲೂ ಬೇಡಿ. ಎಲ್ಲಾ ಮೆಡಿಕಲ್ ಶಾಪಲ್ಲಿ ಸಿಗಲ್ಲ. 1985ರ ಮಾದಕ ವಸ್ತು ಕಾಯ್ದೆ ಇದನ್ನ ಎಷ್ಟು ಬಿಗಿ ಮಾಡಿಬಿಟ್ಟಿತ್ತು ಅಂದ್ರೆ ನೋವಲ್ಲಿರೋರಿಗೂ ಸಿಗ್ತಿರಲಿಲ್ಲ, 2014ರಲ್ಲಿ ತಿದ್ದುಪಡಿ ಮಾಡಿ ಮಾನ್ಯತೆ ಇರೋ ಆಸ್ಪತ್ರೆಗಳಲ್ಲಿ ಇಟ್ಕೊಳ್ಳೋದು ಸುಲಭ ಮಾಡಿದ್ರು. ಅದಕ್ಕೇ ನಿಮ್ಮನ್ನ ಆ ಡಾಕ್ಟರ ಹತ್ರ ಕಳಿಸಿರೋದು.

ಹೋಗೋಕೆ ಮುಂಚೆ ಒಂದು ವಾರ ಕ್ಯಾಲೆಂಡರ್ ಮೇಲೇ ಬರೀರಿ, ಎಷ್ಟು ಹೊತ್ತಿಗೆ ನೋವು, ಹತ್ತಕ್ಕೆ ಎಷ್ಟು, ಚುಚ್ಚೋ ಥರಾನಾ ಉರಿಯೋ ಥರಾನಾ, ಯಾವ ಮಾತ್ರೆಗೆ ಎಷ್ಟು ತಗ್ಗಿತು. "ಭಾಳ ನೋವು" ಅಂದ್ರೆ ಅವರಿಗೆ ಏನೂ ತಿಳಿಯಲ್ಲ, "ರಾತ್ರಿ ಎರಡಕ್ಕೆ ಎಂಟು, ಮಾತ್ರೆ ಆದ್ಮೇಲೆ ಆರು" ಅಂದ್ರೆ ಅದೇ ದಿನ ಡೋಸ್ ಬದಲಾಯಿಸ್ತಾರೆ. ಮತ್ತೆ, ಕೀಮೋ ನಡೀತಿರೋವಾಗ ಜ್ವರ 100.4 ಮುಟ್ಟಿದ್ರೆ ಡೋಲೋ ನುಂಗಿ ಮಲಗಬೇಡಿ, ರಾತ್ರಿ ಆದ್ರೂ ಸರಿ ಆಸ್ಪತ್ರೆಗೆ ಹೋಗಿ. ಬಿಳಿ ರಕ್ತಕಣ ಕಮ್ಮಿ ಇರೋವಾಗ ಸೋಂಕು ಕಾಯಲ್ಲ.

"ನಂಗೆ 38, ಬೆಂಗಳೂರು, ಸಾಫ್ಟ್‌ವೇರ್. ದೊಡ್ಡ ಕರುಳಿನ ಕ್ಯಾನ್ಸರ್, ಲಿವರಲ್ಲಿ ಎರಡು ಗಡ್ಡೆ. ರಾತ್ರಿ ಎಲ್ಲ ಫೋನಲ್ಲಿ ಐದು ವರ್ಷದ ಸರ್ವೈವಲ್ ಪರ್ಸೆಂಟೇಜ್ ಹುಡುಕ್ತಾ ಇರ್ತೀನಿ. ನಿಲ್ಲಿಸೋಕೆ ಆಗ್ತಿಲ್ಲ. ತಿಳ್ಕೋಬೇಕು ಅಂತ ನೀವೇ ಹೇಳ್ತೀರಿ."

ತಿಳ್ಕೋಬೇಕು ಅಂದೆ ತಮ್ಮ, ಆದ್ರೆ ನೀನು ಹುಡುಕ್ತಿರೋದು ನಿನ್ನ ಬಗ್ಗೆ ಅಲ್ಲ. ಐದು ವರ್ಷದ ಲೆಕ್ಕ ಬರ್ಬೇಕಾದ್ರೆ ಆ ಜನಕ್ಕೆ ಕಾಯಿಲೆ ಕಂಡು ಕಮ್ಮಿ ಅಂದ್ರೂ ಐದು ವರ್ಷ ಆಗಿರ್ಬೇಕು, ಅಂದ್ರೆ ಅವರಿಗೆ ಸಿಕ್ಕಿದ್ದು ಹಳೇ ಔಷಧಿ. ಅದರಲ್ಲಿ 80 ವರ್ಷದ ಅಜ್ಜನೂ ಇದ್ದಾರೆ, ಲಿವರ್ ತುಂಬಾ ಹರಡಿದೋರೂ ಇದ್ದಾರೆ. ಮೀಡಿಯನ್ ಅಂತ ಓದ್ತೀಯಲ್ಲ, ಅದರರ್ಥ ಅರ್ಧ ಜನ ಅದಕ್ಕಿಂತ ಮುಂಚೆ, ಅರ್ಧ ಜನ ಅದಾದ್ಮೇಲೆ, ಆ ಎರಡನೇ ಅರ್ಧದ ಬಾಲ ಎಷ್ಟು ಉದ್ದ ಅಂತ ಆ ಒಂದು ಅಂಕಿ ಹೇಳಲ್ಲ.

ರಾತ್ರಿ ಅದನ್ನ ಹುಡುಕೋ ಬದಲು ಹಗಲು ಇದನ್ನ ಕೇಳು. ಕರುಳಿನ ಕ್ಯಾನ್ಸರ್ ಲಿವರಿಗೆ ಮಾತ್ರ, ಅದೂ ಒಂದೆರಡು ಕಡೆ ಹೋಗಿದ್ರೆ, ಕೆಲವರಿಗೆ ಆಪರೇಷನ್ ಮಾಡಿ ಅದನ್ನೂ ತೆಗೀತಾರೆ, ಕೆಲವರಿಗೆ ಕೀಮೋದಲ್ಲಿ ಚಿಕ್ಕದು ಮಾಡಿ ಆಮೇಲೆ ತೆಗೀತಾರೆ, ನಾಲ್ಕನೇ ಸ್ಟೇಜಲ್ಲೂ ಇದರಲ್ಲಿ ಪೂರ್ತಿ ವಾಸಿಯಾದೋರು ಇದ್ದಾರೆ. ಅದನ್ನ ತೀರ್ಮಾನ ಮಾಡ್ಬೇಕಾದ್ದು ಕೀಮೋ ಡಾಕ್ಟರೊಬ್ಬರೇ ಅಲ್ಲ, ಬೇರೆ ಬೇರೆ ಡಾಕ್ಟರು ಒಟ್ಟಿಗೆ ಕೂತು ಕೇಸ್ ನೋಡೋ ಸಭೆಗೆ ಟ್ಯೂಮರ್ ಬೋರ್ಡ್ ಅಂತಾರೆ, "ನನ್ನ ಕೇಸನ್ನ ಟ್ಯೂಮರ್ ಬೋರ್ಡಲ್ಲಿ ಇಟ್ಟಿದ್ದೀರಾ, ಲಿವರ್ ಸರ್ಜನ್ ನನ್ನ ಸ್ಕ್ಯಾನ್ ನೋಡಿದ್ದಾರಾ" ಅಂತ ಕೇಳು. ಆರ್‌ಎಎಸ್, ಬಿಆರ್‌ಎಎಫ್, ಎಂಎಸ್ಐ ಅಂತ ಗಡ್ಡೆಯ ಜೀನ್ ನೋಡೋ ಟೆಸ್ಟ್ ಆಗಿದೆಯಾ ನೋಡು, ಔಷಧಿ ಆರಿಸೋಕೆ ಅದು ಬೇಕು. ಟ್ರಯಲ್, ಅಂದ್ರೆ ಹೊಸ ಚಿಕಿತ್ಸೆಯ ಪರೀಕ್ಷೆ, ಯಾವುದಾದ್ರೂ ನಡೀತಿದೆಯಾ ಅಂತ ಸರ್ಕಾರದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ, ಸಿಟಿಆರ್‌ಐ, ಅದರಲ್ಲಿ ಯಾರು ಬೇಕಾದ್ರೂ ಹುಡುಕಬಹುದು.

ಇನ್ನೊಂದು ಮಾತು, ಇದು ನಂಗೆ ಅರ್ಥ ಆಗೋಕೆ ಎರಡು ವರ್ಷ ಹಿಡೀತು. ಏನು ಬೇಡ ಅಂತ ಹೇಳೋದೂ ನಿನ್ನ ಹಕ್ಕೇ. ನಾನು ನನ್ನ ಡಾಕ್ಟರಿಗೆ "ಸ್ಕ್ಯಾನಲ್ಲಿ ಏನಿದೆಯೋ ಎಲ್ಲ ಹೇಳಿ, ಎಷ್ಟು ತಿಂಗಳು ಅನ್ನೋದು ನಾನಾಗಿ ಕೇಳೋ ತನಕ ಹೇಳ್ಬೇಡಿ" ಅಂದಿದ್ದೀನಿ, ಅವರು ಫೈಲಲ್ಲಿ ಬರ್ಕೊಂಡಿದ್ದಾರೆ. ರಾತ್ರಿ ಹತ್ತರ ಮೇಲೆ ಫೋನು ಹೆಂಡ್ತಿ ಕೈಗೋ ಅಮ್ಮನ ಕೈಗೋ ಕೊಟ್ಬಿಡು. ಆದ್ರೂ ನಿದ್ದೆ ಬರ್ತಿಲ್ಲ ಅಂದ್ರೆ ಅದನ್ನೂ ಡಾಕ್ಟರಿಗೆ ಹೇಳು, ಅದಕ್ಕೂ ಟ್ರೀಟ್ಮೆಂಟ್ ಇದೆ.

"ಮಲೆನಾಡಿನ ಕಡೆ ನಾಟಿ ಔಷಧಿ ತಂದಿದ್ದೀವಿ. ಕೀಮೋ ಡಾಕ್ಟರಿಗೆ ಹೇಳಿದ್ರೆ ಬೈತಾರೆ, ಹೇಳ್ಬೇಕಾ?"

ಹೇಳ್ಲೇಬೇಕು. ಬೈದ್ರೆ ಬೈಸ್ಕೊಳ್ಳಿ. ಕೀಮೋ ಆಗ್ಲಿ ಕ್ಯಾನ್ಸರ್ ಮಾತ್ರೆಗಳಾಗ್ಲಿ ತುಂಬಾ ಔಷಧಿಗಳು ಲಿವರ್ ಮೂಲಕ ಕರಗಬೇಕು, ಅದೇ ಹೊತ್ತಿಗೆ ಇನ್ನೊಂದು ಕಷಾಯ ಬೇರು ಪುಡಿ ಹೋದ್ರೆ ಔಷಧಿ ರಕ್ತದಲ್ಲಿ ಹೆಚ್ಚೂ ಆಗಬಹುದು ಕಮ್ಮೀನೂ ಆಗಬಹುದು, ಲಿವರ್ ರಿಪೋರ್ಟ್ ಏರಿದಾಗ ಯಾವುದರಿಂದ ಅಂತ ಅವರಿಗೆ ಗೊತ್ತಾಗಲ್ಲ, ಕೆಲಸ ಮಾಡ್ತಿರೋ ಔಷಧೀನೇ ನಿಲ್ಲಿಸಿಬಿಡ್ತಾರೆ. ಔಷಧಿ ಯಾಕೆ, ನಮ್ಮ ದೇವನಹಳ್ಳಿ ಚಕ್ಕೋತ ಹಣ್ಣು ಕೂಡ ಕೆಲವು ಮಾತ್ರೆಗಳ ಜೊತೆ ಆಗಲ್ಲ, ಕರುಳಲ್ಲಿ ಔಷಧಿ ಕರಗಿಸೋ ಕಿಣ್ವವನ್ನೇ ತಡೆಯುತ್ತೆ. ನಂಗೆ ಅಷ್ಟು ಇಷ್ಟದ ಹಣ್ಣು, ಮಾತ್ರೆ ಶುರುವಾದಾಗಿಂದ ಮುಟ್ಟಿಲ್ಲ. ಸಾರಿಗೆ ಹಾಕೋ ಅರಿಶಿನಕ್ಕೆ ಯೋಚನೆ ಬೇಡ, ಅರಿಶಿನದ ಕ್ಯಾಪ್ಸೂಲ್ ನುಂಗ್ತಿದ್ರೆ ಹೇಳಿ, ಅದರಲ್ಲೂ ರಕ್ತ ತೆಳು ಮಾಡೋ ಮಾತ್ರೆ ನಡೀತಿದ್ರೆ.

"ನಾನು ನಿವೃತ್ತ ಶಿಕ್ಷಕಿ, 70, ಧಾರವಾಡ. ಅಂಡಾಶಯದ ಕ್ಯಾನ್ಸರ್ ಮೂರನೇ ಸಲ ಬಂದಿದೆ. ಕೊನೆಯ ದಿನಗಳಲ್ಲಿ ವೆಂಟಿಲೇಟರ್ ಬೇಡ ಎಂದು ಈಗಲೇ ಬರೆದಿಡಬಹುದೇ? ಮಕ್ಕಳು ಆ ಮಾತನ್ನೇ ಆಡಲು ಬಿಡುವುದಿಲ್ಲ."

ಬರೆದಿಡಬಹುದು ಟೀಚರ್. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಘನತೆಯಿಂದ ಸಾಯೋದೂ ಬದುಕೋ ಹಕ್ಕಿನ ಭಾಗ ಅಂತ ಒಪ್ಪಿ ಇಂಥ ಪತ್ರಕ್ಕೆ ಮಾನ್ಯತೆ ಕೊಡ್ತು, ಆದ್ರೆ ಮ್ಯಾಜಿಸ್ಟ್ರೇಟ್ ಸಹಿ ಬೇಕು ಅಂತಿದ್ದಿದ್ದಕ್ಕೆ ಮಾಡೋದು ತುಂಬಾ ಕಷ್ಟ ಇತ್ತು. 2023ರ ಜನವರೀಲಿ ಅದನ್ನ ಸುಲಭ ಮಾಡಿದ್ರು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ದೃಢೀಕರಿಸಿದ್ರೆ ಸಾಕು. ನಿಮಗೆ ಮಾತಾಡೋಕಾಗದೇ ಇದ್ದಾಗ ನಿಮ್ಮ ಪರವಾಗಿ ಯಾರು ಹೇಳ್ಬೇಕು ಅಂತ ಒಬ್ಬರಿಗಿಂತ ಹೆಚ್ಚು ಜನರ ಹೆಸರು ಬರೀಬಹುದು. ಕರ್ನಾಟಕ ಸರ್ಕಾರ 2025ರ ಜನವರಿ 30ಕ್ಕೆ ಸುತ್ತೋಲೆ ಹೊರಡಿಸಿ ಈ ತೀರ್ಪನ್ನ ಜಾರಿಗೆ ತರೋಕೆ ಆಸ್ಪತ್ರೆಗಳಲ್ಲಿ ಎರಡು ಹಂತದ ವೈದ್ಯರ ಮಂಡಳಿ ಇರ್ಬೇಕು ಅಂತು. ಅಂದ್ರೆ ನೀವು ಬರೆದ ತಕ್ಷಣ ಯಾರೂ ಏನೂ ಕಿತ್ತುಹಾಕಲ್ಲ, ವಾಸಿಯಾಗೋ ದಾರಿ ಇಲ್ಲ, ನಿಮಗೆ ತೀರ್ಮಾನ ಹೇಳೋ ಸ್ಥಿತೀನೂ ಇಲ್ಲ ಅಂತಾದಾಗ ಮಾತ್ರ ಎರಡೂ ಮಂಡಳಿ ನೋಡಿ ಒಪ್ಪಿದ್ಮೇಲೆ ಅದು ನಡೆಯುತ್ತೆ. ನೋವಿಗೆ ಔಷಧಿ ಕೊಡೋದು ಯಾವತ್ತೂ ನಿಲ್ಲಲ್ಲ, ಅದನ್ನ ಪತ್ರದಲ್ಲೇ ಒಂದು ಸಾಲು ಬರೆಸಿ. ಮನಸ್ಸು ಬದಲಾದ್ರೆ ಯಾವಾಗ ಬೇಕಾದ್ರೂ ಲಿಖಿತವಾಗಿ ವಾಪಸ್ ತಗೋಬಹುದು.

ಮನೆಯೋ ಆಸ್ಪತ್ರೆಯೋ ಅನ್ನೋದನ್ನೂ ಬರೀರಿ. ಬೆಂಗಳೂರಲ್ಲಿ ಕರುಣಾಶ್ರಯ 1999ರಿಂದ ಇಂಥ ಕಾಲದಲ್ಲಿರೋ ಕ್ಯಾನ್ಸರ್ ರೋಗಿಗಳನ್ನ ಒಂದು ಪೈಸೆ ತಗೊಳ್ಳದೆ ನೋಡ್ಕೊಳ್ತಿದೆ, ನಾನು ಒಂದು ಮಧ್ಯಾಹ್ನ ಹೋಗಿ ಕೂತು ಬಂದಿದ್ದೀನಿ, ಕಟ್ಟಡದ ಮಧ್ಯೆ ನೀರಿದೆ, ಜೋರು ದನಿ ಇಲ್ಲ.

ಮಕ್ಕಳಿಗೆ ಮಾತಲ್ಲಿ ಹೇಳೋಕೆ ಬಿಡ್ತಿಲ್ಲ ಅಂದ್ರೆ ಪತ್ರ ಬರೀರಿ, ನೀವು ಟೀಚರು, ನಿಮ್ಮ ಕೈಬರಹ ಅವರು ಓದ್ದೇ ಇರಲ್ಲ. ನಾನೂ ಇಂಥ ಪತ್ರ ಮಾಡಿಸ್ತೀನಿ ಅಂದಾಗ ನನ್ನ ಮಗಳೂ ಮೊದಲು ಎದ್ದು ಹೋಗಿಬಿಟ್ಟಳು. ಎರಡು ತಿಂಗಳು ಬಿಟ್ಟು ಒಂದು ಭಾನುವಾರ ಅವಳೇ ಬಂದು "ಎಲ್ಲಿ ಸಹಿ ಹಾಕ್ಬೇಕಮ್ಮ" ಅಂದಳು. ಸಾಕ್ಷಿಗೆ ಮನೆಯವರಿಗಿಂತ ಹೊರಗಿನೋರು ಒಳ್ಳೇದು ಅಂದೆ, ಪಕ್ಕದ ಮನೆಯೋರು ಮತ್ತೆ ನನ್ನ ಹಳೇ ಬ್ರಾಂಚಿನ ಸಹೋದ್ಯೋಗಿ ಸಹಿ ಹಾಕಿದ್ರು, ನೋಟರಿ ಆಫೀಸಿಗೆ ಸ್ಕೂಟರಲ್ಲಿ ಕರ್ಕೊಂಡು ಹೋಗಿದ್ದು ಮಾತ್ರ ಅವಳೇ. ಆ ಪತ್ರ ಈಗ ನನ್ನ ಫೈಲಲ್ಲಿ ಮೊದಲನೇ ಹಾಳೆ, ಅದರ ಹಿಂದೆ ಈ ತಿಂಗಳ ಬ್ಲಡ್ ರಿಪೋರ್ಟು, ಅದರ ಹಿಂದೆ ಮುಂದಿನ ಸ್ಕ್ಯಾನಿನ ಚೀಟಿ.